ಪಿತ್ತಕೋಶದ ಕಲ್ಲಿಗೆ ಬಾಳೆದಿಂಡಿನ ರಸವೇಕೆ?

ಹೊಟ್ಟೆಯಲ್ಲಿ ಕಲ್ಲಿದೆ ಎಂದು ಗೊತ್ತಾದೊಡನೆ ನಮ್ಮ ಕಡೆ ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಿಯರ್ ಎಂದು ಸಲಹೆಗಳು ಒಂದರ ಹಿಂದೊಂದು ಬರತೊಡಗುತ್ತವೆ. ನನ್ನ ಅಕ್ಕನ ಸ್ಕ್ಯಾನಿಂಗ್ ವರದಿಯಲ್ಲಿ ಪಿತ್ತಕೋಶದ ಕಲ್ಲುಗಳು ಕಂಡಾಗಲೂ ಹಾಗೆಯೇ ಆಯಿತು. ಸಲಹೆ ಕೊಟ್ಟವರೆಲ್ಲರ ಮನಸ್ಸಿನಲ್ಲಿದ್ದದ್ದು ಮೂತ್ರಪಿಂಡದ ಕಲ್ಲು. ಹೆಚ್ಚು ನೀರು ಕುಡಿದರೆ ಮೂತ್ರ ಹೆಚ್ಚಿ ಅಲ್ಲಿನ ಸಣ್ಣ ಕಲ್ಲು ಹೊರಬೀಳಲು ಅನುಕೂಲವಾಗಬಹುದು. ಆದರೆ ಆ ನೀರು ಪಿತ್ತಕೋಶದ ಮೂಲಕ ಹಾದುಹೋಗುವುದೇ ಇಲ್ಲ.

ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಅದರ ಒಂದು ಭಾಗ ಯಕೃತ್ತಿನ ಕೆಳಗೆ ಅಂಟಿಕೊಂಡಿರುವ, 30ರಿಂದ 50 ಮಿಲಿಲೀಟರ್ ಹಿಡಿಸುವ ಪಿತ್ತಕೋಶದಲ್ಲಿ ಸೇರಿ, ನೀರಿನಂಶ ಕಳೆದುಕೊಂಡು ಸಾಂದ್ರವಾಗುತ್ತದೆ. ನಾವು ತಿಂದ ಜಿಡ್ಡು ಸಣ್ಣ ಕರುಳಿಗೆ ಇಳಿದಾಗ ಒಂದು ಹಾರ್ಮೋನು ಬಿಡುಗಡೆಯಾಗಿ ಕೋಶ ಸಂಕುಚಿಸುತ್ತದೆ, ರಸ ಕರುಳಿಗೆ ಹರಿಯುತ್ತದೆ. ಪಿತ್ತರಸದಲ್ಲಿ ಕರಗಿರಬೇಕಾದ ಕೊಲೆಸ್ಟರಾಲ್ ಮಿತಿಮೀರಿದರೆ, ಅಥವಾ ಕೋಶ ಸರಿಯಾಗಿ ಬರಿದಾಗದೆ ರಸ ಅಲ್ಲೇ ನಿಂತರೆ, ಹರಳುಗಳು ಮೂಡಿ ಕಾಲಕ್ರಮೇಣ ಕಲ್ಲಾಗುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಬಸುರಿನ ಸಮಯದಲ್ಲಿ ಇದು ಹೆಚ್ಚು. ಸ್ಥೂಲಕಾಯ ಎಷ್ಟು ಕಾರಣವೋ, ಕಠಿಣ ಉಪವಾಸದಿಂದ ತ್ವರಿತವಾಗಿ ತೂಕ ಇಳಿಸುವುದೂ ಅಷ್ಟೇ ಕಾರಣ ಎಂಬುದು ಅನೇಕರಿಗೆ ತಿಳಿದಿಲ್ಲ. ಸಿಕಲ್ ಸೆಲ್, ಥಲಸೀಮಿಯದಂತಹ ರಕ್ತದ ಕಾಯಿಲೆ ಇರುವವರಲ್ಲಿ ಕಾಣುವ ಕಪ್ಪು ಕಲ್ಲುಗಳಾದರೋ ಕೊಲೆಸ್ಟರಾಲಿನವಲ್ಲ, ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಬಣ್ಣದ ವಸ್ತುವಿನವು.

ಕಲ್ಲಿರುವ ಬಹುಪಾಲು ಜನರಿಗೆ ಅದು ಜೀವನಪರ್ಯಂತ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡಿತೆಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಧಾವಿಸಬೇಕಾಗಿಲ್ಲ. ಬಹಳ ದೊಡ್ಡ ಕಲ್ಲು, ಜೊತೆಗೆ ದೊಡ್ಡ ಪಾಲಿಪ್ (ಕೋಶದ ಒಳಗೋಡೆಯ ಗಂಟು) ಅಥವಾ ಕೋಶದ ಗೋಡೆಯಲ್ಲಿ ಸುಣ್ಣದಂಶ ಸೇರಿಕೊಂಡಿರುವಂತಹ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಅಪವಾದ. ನೋವು ಒಮ್ಮೆ ಆರಂಭವಾದರೆ ಲೆಕ್ಕಾಚಾರವೇ ಬದಲಾಗುತ್ತದೆ, ಏಕೆಂದರೆ ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ಈ ನೋವು ಹೊಟ್ಟೆಯ ಮೇಲ್ಭಾಗದ ನಡುವಿನಲ್ಲೋ ಬಲಗಡೆಯೋ ಎದ್ದು, ಬೆನ್ನಿಗೆ ಅಥವಾ ಬಲ ಹೆಗಲಿಗೆ ಹಬ್ಬಿ, ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಒಂದೇ ಸಮನೆ ಕಾಡಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಮದುವೆಯೂಟದಂತಹ ಭಾರೀ ಊಟದ ನಂತರ, ಅನೇಕ ವೇಳೆ ರಾತ್ರಿ ಹೊತ್ತಿನಲ್ಲಿ ಬರುವುದರಿಂದಲೂ, ಇಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಇರುವುದರಿಂದಲೂ ಎಲ್ಲರೂ ಇದನ್ನು ‘ಗ್ಯಾಸ್ಟ್ರಿಕ್’ ಎಂದೇ ಕರೆದು ಮಾತ್ರೆ ನುಂಗುತ್ತಾರೆ. ಅಕ್ಕನೂ ಹಾಗೆಯೇ ಬಹುಕಾಲ ದೂಡಿದಳು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವೂ ಇದೇ ಜಾಗದಲ್ಲಿ ನೋವಾಗಿ ಕಾಣಿಸಿಕೊಳ್ಳಬಹುದಾದ್ದರಿಂದ ಅಂಥವರಿಗೆ ಮೊದಲು ಇಸಿಜಿ ಮಾಡಿಸುವುದೇ ವಿವೇಕ.

ನೋವು ಇಳಿಯದೆ ಜ್ವರವೂ ಸೇರಿಕೊಂಡರೆ ಕೋಶ ಉರಿಯೂತಕ್ಕೆ ಒಳಗಾಗಿದೆ ಎಂದು ಶಂಕಿಸಬೇಕು. ಕಣ್ಣು ಹಳದಿಯಾಗಿ, ಮೂತ್ರ ಗಾಢವಾಗಿ, ಮಲ ಬಿಳಿಚಿಕೊಂಡರೆ ಕಲ್ಲು ಜಾರಿ ಪಿತ್ತನಾಳವನ್ನು ಅಡ್ಡಗಟ್ಟಿರಬಹುದು. ಹೀಗೆ ಜಾರಿದ ಕಲ್ಲು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೂ ದಾರಿ ಮಾಡಬಲ್ಲದು, ಅದು ಪ್ರಾಣಾಪಾಯದ ಸ್ಥಿತಿ. ಇವು ಯಾವುವೂ ಬೆಳಗಾಗಲಿ ನೋಡೋಣ ಎಂದು ಕಾಯುವ ಲಕ್ಷಣಗಳಲ್ಲ.

ಕಲ್ಲನ್ನಷ್ಟೇ ತೆಗೆದು ಕೋಶವನ್ನು ಏಕೆ ಉಳಿಸಬಾರದು ಎಂಬ ಪ್ರಶ್ನೆಯನ್ನು ಅಕ್ಕ ಎಲ್ಲರಲ್ಲೂ ಕೇಳಿದಳು. ಕಲ್ಲು ಹುಟ್ಟುವ ಪರಿಸರ ಅಲ್ಲೇ ಉಳಿದರೆ ಮತ್ತೆ ಕಲ್ಲು ಹುಟ್ಟುತ್ತದೆ ಎಂಬುದೇ ಉತ್ತರ. ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ಮಾತ್ರ, ಅದೂ ತಿಂಗಳುಗಟ್ಟಲೆ ನುಂಗಿದರೆ, ಕರಗಿಸಬಲ್ಲದು. ನಿಲ್ಲಿಸಿದ ಮೇಲೆ ಅನೇಕರಲ್ಲಿ ಅವು ಮರಳುತ್ತವೆ. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಮರುದಿನ ಮಲದಲ್ಲಿ ಹಸಿರು ಉಂಡೆಗಳನ್ನು ತೋರಿಸುವ ವಾಟ್ಸಾಪ್ ಚಿಕಿತ್ಸೆಯೊಂದಿದೆ. ಅಂತಹ ಉಂಡೆಗಳನ್ನು ಪ್ರಯೋಗಾಲಯದಲ್ಲಿ ವಿಶ್ಲೇಷಿಸಿದಾಗ, ಅವು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು ಎಂದು ತಿಳಿದುಬಂದಿದೆ.

ಪಿತ್ತಕೋಶವನ್ನು ತೆಗೆಯುವ ಮೊದಲ ಶಸ್ತ್ರಚಿಕಿತ್ಸೆಯನ್ನು 1882ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮಾಡಿದರು. ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ಇಳಿಸಿ ನೋಡುವ ಕೊಳವೆಯಾದ ಲ್ಯಾಪರೋಸ್ಕೋಪ್ ಮೂಲಕ ಅದನ್ನು ಮೊದಲಿಗೆ 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಾಧಿಸಿದರು. ಭಾರತದಲ್ಲಿ 1990ರಲ್ಲಿ ಮುಂಬಯಿಯ ಟಿ. ಇ. ಉದ್ವಾಡಿಯಾ ಅವರಿಂದ ಅದು ಆರಂಭವಾಯಿತು. ಈಗ ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರಗಳಲ್ಲೇ ಕೆಲಸ ಮುಗಿದು, ತೊಡಕಿಲ್ಲದಿದ್ದರೆ ರೋಗಿ ಒಂದೆರಡು ದಿನಗಳಲ್ಲಿ ಮನೆ ಸೇರುತ್ತಾರೆ. ಆದರೂ ಇದನ್ನು ‘ಸಣ್ಣ ಆಪರೇಷನ್’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅಪರೂಪಕ್ಕಾದರೂ ಪಿತ್ತನಾಳಕ್ಕೆ ಪೆಟ್ಟಾಗಬಹುದು. ಅಂಗಾಂಶಗಳು ಗುರುತು ಸಿಗದಂತೆ ಅಂಟಿಕೊಂಡಿದ್ದರೆ ಹೊಟ್ಟೆ ತೆರೆದೇ ಮಾಡಬೇಕಾಗಬಹುದು, ಹಾಗೆ ನಿರ್ಧರಿಸುವುದು ವೈದ್ಯರ ಸೋಲಲ್ಲ. ನಾಳದಲ್ಲಿ ಕಲ್ಲಿದ್ದರೆ ಅದನ್ನು ಸಾಮಾನ್ಯವಾಗಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಬೇರೆಯಾಗಿ ತೆಗೆಯುತ್ತಾರೆ.

ಕೋಶ ಹೋದ ಮೇಲೂ ಯಕೃತ್ತು ಪಿತ್ತರಸವನ್ನು ತಯಾರಿಸುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ಹರಿಯುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಭೇದಿ ಕಾಡುವುದುಂಟು. ಜೀವಮಾನವಿಡೀ ಪಥ್ಯ ಬೇಕಿಲ್ಲ. ಬಿಡುಗಡೆಯ ಗಡಿಬಿಡಿಯಲ್ಲಿ ಹಲವರು ಮರೆಯುವ ಕಾಗದವೊಂದಿದೆ, ಅದು ತೆಗೆದ ಕೋಶದ ಬಯಾಪ್ಸಿ ವರದಿ. ಗಂಗಾ ಬಯಲಿನಲ್ಲಿ ಹೆಚ್ಚಾಗಿಯೂ ನಮ್ಮ ದಕ್ಷಿಣದಲ್ಲಿ ಕಡಿಮೆಯಾಗಿಯೂ ಕಾಣುವ ಪಿತ್ತಕೋಶದ ಕ್ಯಾನ್ಸರ್ ಕೆಲವೊಮ್ಮೆ ಆ ವರದಿಯಲ್ಲೇ ಮೊದಲ ಬಾರಿಗೆ ಪತ್ತೆಯಾಗುತ್ತದೆ. ಹೊಲಿಗೆ ತೋರಿಸಲು ಹೋದ ದಿನ ಅಕ್ಕನ ವರದಿಯನ್ನು ನಾವು ಕೇಳಿ ಪಡೆದೆವು; ಅದರಲ್ಲಿ ದೀರ್ಘಕಾಲದ ಉರಿಯೂತದ ಹೊರತು ಬೇರೇನೂ ಇರಲಿಲ್ಲ.