ಕಂಚಿಯ ಕಂಬವೊಂದರ ಮೇಲಿನ ಕನ್ನಡ

ಅಯೋಧ್ಯೆ, ಮಥುರೆ, ಮಾಯಾ, ಕಾಶಿ, ಕಂಚಿ, ಅವಂತಿಕಾ, ದ್ವಾರಾವತಿ ಎಂದು ಎಣಿಸುವ ಏಳು ಮೋಕ್ಷಪುರಿಗಳಲ್ಲಿ ದಕ್ಷಿಣ ಭಾರತಕ್ಕೆ ಸೇರಿದ್ದು ಕಂಚಿಯೊಂದೇ. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದು ಹೊರಡುವ ನಮ್ಮವರು ಕಾಮಾಕ್ಷಿಯ ದರ್ಶನ ಮಾಡಿ, ವರದರಾಜನ ಗುಡಿಯಲ್ಲಿ ಹಲ್ಲಿಯ ಪ್ರತಿಮೆಯನ್ನು ಮುಟ್ಟಿ, ಒಂದೆರಡು ರೇಷ್ಮೆ ಸೀರೆ ಕೊಂಡು ಮರಳುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಊರಿನ ಪಶ್ಚಿಮ ಅಂಚಿನಲ್ಲಿರುವ ಕೈಲಾಸನಾಥ ದೇವಾಲಯಕ್ಕೆ ಕನ್ನಡಿಗರು ಅಷ್ಟಾಗಿ ಹೋಗದಿರುವುದು ನನಗೆ ಸೋಜಿಗವೆನಿಸುತ್ತದೆ. ನಮ್ಮ ಚರಿತ್ರೆಯ ಒಂದು ಅಪರೂಪದ ಪುಟ ಇರುವುದು ಅಲ್ಲಿಯೇ.

ರಾಜಸಿಂಹನೆಂಬ ಬಿರುದಿನ ಪಲ್ಲವ ದೊರೆ ಇಮ್ಮಡಿ ನರಸಿಂಹವರ್ಮನು ಎಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಈ ಗುಡಿಗೆ ಶಾಸನಗಳಲ್ಲಿ ರಾಜಸಿಂಹೇಶ್ವರವೆಂದು ಹೆಸರು. ಮರಳುಗಲ್ಲಿನ ವಿಮಾನದ ಸುತ್ತ, ಪ್ರಾಕಾರದ ಗೋಡೆಗೆ ಒತ್ತಿಕೊಂಡಂತೆ 58 ಚಿಕ್ಕ ಗುಡಿಗಳಿವೆ. ಕೆಲವುಗಳ ಒಳಗೆ ಪಲ್ಲವರ ಕಾಲದ ವರ್ಣಚಿತ್ರಗಳ ತುಣುಕುಗಳು ಇಂದಿಗೂ ಉಳಿದಿವೆ. ಗರ್ಭಗೃಹದ ಸುತ್ತಲಿನ ಪ್ರದಕ್ಷಿಣಾಪಥಕ್ಕೆ ಮೈಯನ್ನು ಕುಗ್ಗಿಸಿ ತೆವಳಿಕೊಂಡೇ ಹೋಗಬೇಕು. ಹಾಗೆ ನುಸುಳಿ ಹೊರಬಂದವರಿಗೆ ಮರುಜನ್ಮವಿಲ್ಲವೆಂಬುದು ನಂಬಿಕೆ. ಮುಂದಿನ ಮಂಟಪದ ಕಂಬವೊಂದರ ಮೇಲೆ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಕಂಚಿಯನ್ನು ಹಿಡಿದ ಮೇಲೆ ಈ ಗುಡಿಯ ಐಶ್ವರ್ಯವನ್ನು ಕಂಡ ದೊರೆಯು ಅದನ್ನು ಮರಳಿ ದೇವರಿಗೇ ಬಿಟ್ಟುಕೊಟ್ಟನೆಂಬುದು ಅದರ ಸಾರಾಂಶ.

ಈ ಮಾತಿನ ತೂಕ ತಿಳಿಯಬೇಕಾದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು. 642ರಲ್ಲಿ ಪಲ್ಲವ ಒಂದನೆಯ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು 'ವಾತಾಪಿಕೊಂಡ'ನೆಂದು ಕರೆಸಿಕೊಂಡಿದ್ದನು. ಆ ಗೆಲುವಿನ ಶಾಸನವನ್ನು ಅಲ್ಲಿಯ ಬಂಡೆಯ ಮೇಲೆಯೇ ಕೆತ್ತಿಸಿದ್ದನು. ಹಳೆಯ ಆ ಹಗೆಯನ್ನು ಹೊತ್ತುಕೊಂಡು ಬಂದ ವಿಕ್ರಮಾದಿತ್ಯನು ಕಂಚಿಯನ್ನು ಸೂರೆಮಾಡಿದ್ದರೆ ಆ ಕಾಲದ ರಾಜನೀತಿಗೆ ಅದು ಅಸಹಜವೆನಿಸುತ್ತಿರಲಿಲ್ಲ. ಅವನ ಮಗ ಇಮ್ಮಡಿ ಕೀರ್ತಿವರ್ಮನ ಕೆಂದೂರು ತಾಮ್ರಪಟವು ತಂದೆಯು ನಗರವನ್ನು ಹಾಳುಮಾಡದೆ ಪ್ರವೇಶಿಸಿದನೆಂದೂ, ಬ್ರಾಹ್ಮಣರಿಗೂ ದೀನರಿಗೂ ದಾನವಿತ್ತನೆಂದೂ, ರಾಜಸಿಂಹೇಶ್ವರಕ್ಕೆ ರಾಶಿ ಹೊನ್ನನ್ನು ಹಿಂತಿರುಗಿಸಿದನೆಂದೂ ಹೇಳುತ್ತದೆ. ಮಗನು ಬರೆಸಿದ್ದರಲ್ಲಿ ಹೊಗಳಿಕೆ ಇರುವುದು ಸಹಜವೇ. ಆದರೂ ಪಲ್ಲವರ ನೆಲದಲ್ಲಿ, ಪಲ್ಲವರೇ ಕಟ್ಟಿಸಿದ ಕಂಬದ ಮೇಲೆ ಇರುವ ಬರಹವನ್ನು ಬರಿಯ ಹೊಗಳಿಕೆಯೆಂದು ತಳ್ಳಿಹಾಕಲು ಸಾಧ್ಯವಿಲ್ಲ. ಸೋತವರು ಮತ್ತೆ ಊರಿಗೆ ಒಡೆಯರಾದ ಮೇಲೂ ಅದನ್ನು ಅಳಿಸಿಹಾಕದೆ ಉಳಿಸಿಕೊಂಡರೆಂಬುದನ್ನು ನಾನು ಇನ್ನೂ ಹೆಚ್ಚಿನದೆಂದು ಭಾವಿಸುತ್ತೇನೆ.

ಈ ದಿಗ್ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಲೋಕೇಶ್ವರವನ್ನು, ಅಂದರೆ ಇಂದಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ವಿಕ್ರಮಾದಿತ್ಯನು ಕಂಚಿಯನ್ನು ಮೂರು ಬಾರಿ ಗೆದ್ದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಎರಡೂ ಗುಡಿಗಳನ್ನು ನೋಡಿದವರಿಗೆ ವಿಮಾನಗಳ ಹೋಲಿಕೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಇತ್ತ ಕಂಚಿಯಲ್ಲಿ, ವಿಕ್ರಮಾದಿತ್ಯನಿಗೆ ಸೋತ ಇಮ್ಮಡಿ ನಂದಿವರ್ಮನು ವೈಕುಂಠ ಪೆರುಮಾಳ್ ಗುಡಿಯನ್ನು ಕಟ್ಟಿಸಿ, ಅದರ ಮೊಗಸಾಲೆಯ ಗೋಡೆಗಳ ಮೇಲೆ ತನ್ನ ವಂಶದ ಚರಿತ್ರೆಯನ್ನು ಉಬ್ಬುಶಿಲ್ಪಗಳಲ್ಲಿ ಬಿಡಿಸಿಟ್ಟನು.

ಕನ್ನಡ ನಾಡಿಗೂ ಕಂಚಿಗೂ ಇರುವ ನಂಟು ಇದಕ್ಕಿಂತ ಹಳೆಯದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದ ಪ್ರಕಾರ ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಹೋದದ್ದು ಪಲ್ಲವರ ರಾಜಧಾನಿಯಾದ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ನಡೆದ ಕಲಹದಿಂದ ಕೆರಳಿ ಅವನು ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನು. ಕದಂಬರ ರಾಜ್ಯ ಹುಟ್ಟಿದ್ದು ಹೀಗೆ. ನಾಲಂದೆಯ ಆಚಾರ್ಯ ಧರ್ಮಪಾಲನೂ ಕಂಚಿಯವನೇ ಎಂದು ಏಳನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಹ್ಯೂಯೆನ್ ತ್ಸಾಂಗ್ ಬರೆದಿಟ್ಟಿದ್ದಾನೆ. ವಿದ್ಯೆಗಾಗಿ ಎಲ್ಲ ಮತದವರೂ ಅರಸಿ ಬರುತ್ತಿದ್ದ ಊರು ಇದು.

ಇಂದಿನ ಕಂಚಿಯ ಪೂಜೆ ಉತ್ಸವಗಳೆಲ್ಲ ಶಿವಕಂಚಿ, ವಿಷ್ಣುಕಂಚಿಗಳಲ್ಲಿ ಹಂಚಿಕೊಂಡಿವೆ. ಏಕಾಂಬರೇಶ್ವರನದು ಪಂಚಭೂತ ಲಿಂಗಗಳಲ್ಲಿ ಪೃಥ್ವೀಲಿಂಗ. ಮಣ್ಣಿನದೆಂಬ ಕಾರಣಕ್ಕೆ ಅದಕ್ಕೆ ಜಲಾಭಿಷೇಕವಿಲ್ಲ. ಆ ಗುಡಿಯ ಎತ್ತರದ ರಾಜಗೋಪುರವನ್ನು 1509ರಲ್ಲಿ ಕಟ್ಟಿಸಿದವನು ಕೃಷ್ಣದೇವರಾಯ. ಊರಿಗೆಲ್ಲ ಕಾಮಾಕ್ಷಿಯೊಬ್ಬಳೇ ಅಮ್ಮನಾದ್ದರಿಂದ ಇಲ್ಲಿಯ ಹಳೆಯ ಶಿವಾಲಯಗಳಲ್ಲಿ ಅಂಬಿಕೆಗೆ ಬೇರೆ ಸನ್ನಿಧಿ ಇಡುವ ಪದ್ಧತಿಯಿಲ್ಲ. ಮೇಲುಕೋಟೆಯಿಂದಾಗಿ ನಮಗೆ ಹತ್ತಿರದವರಾದ ರಾಮಾನುಜಾಚಾರ್ಯರು ಯಾದವಪ್ರಕಾಶರಲ್ಲಿ ಓದಿದ್ದೂ, ವರದರಾಜನ ಸೇವೆ ಮಾಡಿದ್ದೂ ಇಲ್ಲಿಯೇ. ವರದರಾಜನ ಗುಡಿಯ ಕೊಳವಾದ ಅನಂತಸರಸ್ಸಿನ ನೀರಿನಡಿ ಇರುವ ಅತ್ತಿಮರದ ವರದನನ್ನು 40 ವರ್ಷಕ್ಕೊಮ್ಮೆ ಹೊರತೆಗೆಯುತ್ತಾರೆ. ಹಿಂದಿನದು 2019ರಲ್ಲಿ 48 ದಿನ ನಡೆಯಿತು. ಇಷ್ಟೆಲ್ಲ ಇದ್ದೂ ಅದೇ ಗುಡಿಯಲ್ಲಿ ಯಾವ ಸ್ತೋತ್ರವನ್ನು ಯಾರು ಮೊದಲು ಹೇಳಬೇಕೆಂದು ಶ್ರೀವೈಷ್ಣವರ ವಡಗಲೈ, ತೆಂಗಲೈ ಪಂಗಡಗಳು ಬ್ರಿಟಿಷರ ಕಾಲದಿಂದ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿವೆ. ಮೋಕ್ಷಪುರಿಯಲ್ಲಿಯೂ ವ್ಯಾಜ್ಯಕ್ಕೆ ಮೋಕ್ಷವಿಲ್ಲ!

ವೇಗವತಿ ನದಿಯ ಆಚೆಗಿರುವ ತಿರುಪ್ಪರುತ್ತಿಕುನ್ರಮ್ ಎಂಬ ಹಳ್ಳಿಯೇ ಜಿನಕಂಚಿ. ಅಲ್ಲಿಯ ತ್ರೈಲೋಕ್ಯನಾಥ ಬಸದಿಗೆ ವಿಜಯನಗರದ ದಂಡನಾಯಕ ಇರುಗಪ್ಪನು 1387ರ ಹೊತ್ತಿಗೆ ಸಂಗೀತ ಮಂಟಪವನ್ನು ಕಟ್ಟಿಸಿಕೊಟ್ಟನು. ತೀರ್ಥಂಕರರ ಚರಿತ್ರೆಯನ್ನು ಹೇಳುವ ಅದರ ಚಾವಣಿಯ ಚಿತ್ರಗಳಿಗಾಗಿ ಅರ್ಧ ದಿನವನ್ನಾದರೂ ಮೀಸಲಿಡಬೇಕು.

ಇನ್ನು ಸೀರೆಯ ವಿಷಯ. ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆಯೂ ಸೂರತ್ತಿನ ಜರಿಯೂ ಇಲ್ಲಿಯ ಮಗ್ಗಗಳಲ್ಲಿ ಕೂಡುತ್ತವೆ. 'ಕೋರ್ವೈ' ಎಂಬ ನೇಯ್ಗೆಯಲ್ಲಿ ಒಡಲಿಗೊಂದು, ಎರಡು ಅಂಚುಗಳಿಗೆ ಎರಡು ಎಂದು ಮೂರು ಲಾಳಿಗಳನ್ನು ಆಡಿಸಿ, ಬೇರೆ ಬೇರೆ ಬಣ್ಣದ ಒಡಲನ್ನೂ ಅಂಚನ್ನೂ ಎಳೆಗೆ ಎಳೆ ಹೆಣೆಯುತ್ತಾರೆ. ಇದಕ್ಕೆ ನೇಕಾರನ ಜೊತೆಗೆ ಇನ್ನೊಬ್ಬರು ಮಗ್ಗದ ಬಳಿ ಕೂರಬೇಕಾಗುತ್ತದೆ. ಕೊಳ್ಳುವವರು ಬೆಲೆ ಕೇಳುವ ಮೊದಲು ಸೀರೆಯನ್ನು ತಿರುವಿ, ಅಂಚು ಒಡಲನ್ನು ಸೇರುವ ಜಾಗವನ್ನು ನೋಡಲಿ. ಕೋರ್ವೈ ಆಗಿದ್ದರೆ ಅಲ್ಲಿ ಹಲ್ಲುಹಲ್ಲಾದ ಗೆರೆಯೊಂದು ಕಾಣಿಸುತ್ತದೆ.