ಎರಡು ಅರ್ಥಿಂಗ್ ಗುಂಡಿ, ಎರಡು ಸಲ ಸುಟ್ಟ ಇಂಟರ್‌ಕಾಮ್

ಭರಣಿ ಮಳೆ ಬಂದರೆ ಧರಣಿ ಬೆಳೆ ಅಂತಾರೆ ರೈತರು. ಮಲೆನಾಡಿನಲ್ಲಿ ಇಂಟರ್‌ಕಾಮ್ ರಿಪೇರಿ ಮಾಡುವ ನಮಗೆ ಅದೇ ಮಳೆ ಸಿಡಿಲಿನ ಮಳೆ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಸೆಖೆ ಏರಿ ಮೋಡ ಕಟ್ಟಿತು ಅಂದರೆ, ಮರುದಿನ ಬೆಳಿಗ್ಗೆ ಎಲ್ಲಿಂದಲೋ ಫೋನ್ ಬರುತ್ತದೆ. ಜೂನ್ ತಿಂಗಳ ಜಡಿಮಳೆಯಲ್ಲಿ ಇಷ್ಟು ಇಂಟರ್‌ಕಾಮ್ ಬಾಕ್ಸ್ ಸುಡುವುದಿಲ್ಲ.

ಸಾಗರದ ಹತ್ತಿರ ಒಂದು ಅಡಿಕೆ ಸೊಸೈಟಿ ಕಚೇರಿಗೆ ನಾನೇ ಇಂಟರ್‌ಕಾಮ್ ಹಾಕಿದ್ದೆ. ಮೂರು ಹೊರಗಿನ ಲೈನ್, ಎಂಟು ಎಕ್ಸ್‌ಟೆನ್ಶನ್, ಅಂದರೆ ಒಳಗಿನ ಫೋನ್. ಆ ಎಂಟರಲ್ಲಿ ಒಂದು ಅಂಗಳದ ಆಚೆಗಿನ ಗೋಡೌನಿಗೆ ಬೇಕು ಅಂದರು. ಕಂಬದಿಂದ ಕಂಬಕ್ಕೆ ವೈರ್ ಎಳೆದು ಕೊಟ್ಟೆ. ಕರೆಂಟಿನ ಕಡೆ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿದೆ; ಸರ್ಜ್ ಅಂದರೆ ವೋಲ್ಟೇಜ್ ದಿಢೀರ್ ಏರುವ ಹೊಡೆತ. ಕಚೇರಿಗೆ ಮೊದಲೇ ಒಂದು ಅರ್ಥಿಂಗ್ ಗುಂಡಿ ಇದ್ದರೂ, ಇಂಟರ್‌ಕಾಮಿಗೆ ಅಂತಲೇ ಕಚೇರಿಯ ಹಿಂದೆ ಬೇರೆ ಗುಂಡಿ ತೋಡಿಸಿದೆ. ಇದ್ದಿಲು, ಉಪ್ಪು, ಜಿಐ ಪೈಪು, ಎಲ್ಲ ಕ್ರಮವಾಗಿಯೇ ಇತ್ತು. ಬೇರೆ ಗುಂಡಿ ಇದ್ದರೆ ಸ್ವಚ್ಛ ಅರ್ಥಿಂಗ್ ಸಿಗುತ್ತದೆ ಅಂತ ಆಗ ನಿಜವಾಗಿಯೂ ನಂಬಿದ್ದೆ.

ಮೊದಲ ಬೇಸಿಗೆಯಲ್ಲೇ ಬಾಕ್ಸ್ ಹೋಯಿತು. ಎಕ್ಸ್‌ಟೆನ್ಶನ್ ಕಾರ್ಡ್ ಬದಲಿಸಿದೆ. ಮರುವರ್ಷ ಅದೇ ತಿಂಗಳಲ್ಲಿ ಮತ್ತೆ ಹೋಯಿತು. ಕಾರ್ಯದರ್ಶಿಗಳು ಬೈಯಲಿಲ್ಲ. "ಹೀಗೆ ವರ್ಷಾ ವರ್ಷಾ ಆದರೆ ಹೇಗೆ?" ಅಂತ ಮೆಲ್ಲಗೆ ಕೇಳಿದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಈ ಸಲ ಸುಮ್ನೆ ಕಾರ್ಡ್ ಬದಲಿಸದೆ ಬಾಕ್ಸ್ ಬಿಚ್ಚಿ ಕುಳಿತು ನೋಡಿದೆ. ಪವರ್ ಸಪ್ಲೈ ಭಾಗ ಚೆನ್ನಾಗಿತ್ತು, ಒಂದು ಫ್ಯೂಸ್ ಕೂಡ ಹೋಗಿರಲಿಲ್ಲ. ಕಪ್ಪಾಗಿದ್ದು ಗೋಡೌನಿನ ಜೋಡಿ ವೈರ್ ಬಂದು ಸೇರುವ ಜಾಗ. ಅಲ್ಲಿ ಬೋರ್ಡಿನ ತಾಮ್ರದ ಗೆರೆಯೇ ಹಾರಿಹೋಗಿತ್ತು. ಹೊಡೆತ ಬಂದದ್ದು ಕರೆಂಟಿನ ದಾರಿಯಲ್ಲಿ ಅಲ್ಲ, ಫೋನಿನ ವೈರಿನಲ್ಲಿ.

ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದ ಹಿರಿಯರೊಬ್ಬರು ನಮ್ಮೂರಿನಲ್ಲಿದ್ದರು. ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬಾಕ್ಸನ್ನು ಆಮೇಲೆ ನೋಡಿದರು. ಮೊದಲು ಕಟ್ಟಡಕ್ಕೆ ಒಂದು ಸುತ್ತು ಬಂದರು.

"ಎರಡು ಗುಂಡಿ ಮಾಡಿದೀಯಲ್ಲ ಮಾರಾಯಾ, ಎರಡಕ್ಕೂ ಸಂಬಂಧ ಇಟ್ಟಿದೀಯಾ?"

"ಇಲ್ಲ ಸಾರ್. ಬೇರೆ ಇರಲಿ ಅಂತಲೇ ಮಾಡಿದ್ದು."

"ಮರಕ್ಕೆ ಸಿಡಿಲು ಹೊಡೆದರೆ ಕೆಳಗೆ ನಿಂತ ದನ ಯಾಕೆ ಸಾಯ್ತದೆ ಹೇಳು. ದನಕ್ಕೇನು ನೇರವಾಗಿ ಹೊಡೀತದಾ?"

ನನಗೆ ಅದು ಅರ್ಥವಾದದ್ದು ಆ ಹೊತ್ತಿನಲ್ಲಿ. ಸಿಡಿಲು ನೆಲಕ್ಕೆ ಇಳಿದಾಗ ಸುತ್ತಲಿನ ಮಣ್ಣಿನಲ್ಲಿ ವೋಲ್ಟೇಜ್ ಏರುತ್ತದೆ. ಎಲ್ಲ ಕಡೆ ಒಂದೇ ಸಮ ಏರುವುದಿಲ್ಲ. ಹತ್ತಿರ ಜಾಸ್ತಿ, ದೂರ ಕಡಿಮೆ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಇರುವುದರಿಂದ ಆ ವ್ಯತ್ಯಾಸ ದನದ ಮೈಯೊಳಗೆ ಹಾದು ಹೋಗುತ್ತದೆ. ನನ್ನ ಇಂಟರ್‌ಕಾಮ್ ಹಾಗೆಯೇ ನಿಂತಿತ್ತು. ಒಂದು ಕಾಲು ಕಚೇರಿಯ ಅರ್ಥಿಂಗಿನಲ್ಲಿ, ಒಂದು ಕಾಲು ನಾನು ತೋಡಿಸಿದ ಗುಂಡಿಯಲ್ಲಿ, ಮೂರನೆಯದು ದೂರದ ಗೋಡೌನಿನಲ್ಲಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗಿರುತ್ತದೆ. ವಿದ್ಯುತ್ ಸುಲಭವಾಗಿ ಹರಡುವುದಿಲ್ಲ. ಅಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ.

ಮೊದಲು ಮಾಡಿದ ಕೆಲಸ ಎರಡು ಗುಂಡಿಗಳನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಜೋಡಿಸಿ, ಮೇನ್ ಬೋರ್ಡಿನ ಅರ್ಥ್ ಪಟ್ಟಿಗೆ ಕಟ್ಟಿದ್ದು. ಫೋನ್ ಲೈನ್ ಹಿಂಬದಿಯ ಕಿಟಕಿಯಿಂದ ಒಳಗೆ ಬರುತ್ತಿತ್ತು, ಕರೆಂಟ್ ಮುಂಬದಿಯಿಂದ. ಫೋನ್ ಲೈನನ್ನು ಸುತ್ತಿಸಿ ಮೇನ್ ಬೋರ್ಡಿನ ಪಕ್ಕಕ್ಕೇ ತಂದೆ. ಏರಿದರೆ ಎಲ್ಲವೂ ಒಟ್ಟಿಗೆ ಏರಲಿ, ಇಳಿದರೆ ಒಟ್ಟಿಗೆ ಇಳಿಯಲಿ. ಆಗ ಬಾಕ್ಸಿನ ಒಳಗೆ ಹಾಯುವ ವ್ಯತ್ಯಾಸ ತುಂಬಾ ಕಡಿಮೆ.

ಆಮೇಲೆ ಪ್ರತಿ ಲೈನಿಗೂ ಜಿಡಿ ಟ್ಯೂಬ್ ಹಾಕಿದೆ. ಇದು ಗ್ಯಾಸ್ ತುಂಬಿದ ಚಿಕ್ಕ ಟ್ಯೂಬ್. ಫೋನ್ ಲೈನಿನಲ್ಲಿ ಸಾಮಾನ್ಯವಾಗಿ 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಆಗುವಾಗ ಅದರ ಮೇಲೆ ಸುಮಾರು 75 ವೋಲ್ಟ್ ಎಸಿ ಬರುತ್ತದೆ. ಅದಕ್ಕೇ 230 ವೋಲ್ಟಿನ ಟ್ಯೂಬ್ ಹಾಕುತ್ತೇವೆ. ರಿಂಗಿಗೆ ಅದು ಅಲುಗಾಡುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಲೈನನ್ನು ಅರ್ಥಿಂಗಿಗೆ ಕಟ್ಟಿ, ಹೊಡೆತ ಮುಗಿದ ಮೇಲೆ ಬಿಡುತ್ತದೆ. ಎಷ್ಟೋ ಕಚೇರಿಗಳಲ್ಲಿ ಈ ಟ್ಯೂಬ್ ಇರುತ್ತದೆ, ಆದರೆ ಅದರ ಅರ್ಥ್ ಸ್ಕ್ರೂಗೆ ವೈರೇ ಕಟ್ಟಿರುವುದಿಲ್ಲ. ಇಂಥದ್ದು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಆ ಅರ್ಥ್ ವೈರಿನ ಉದ್ದದ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಸ ಹುಡುಗರು ಉಳಿದ ವೈರನ್ನು ಅಂದವಾಗಿ ಸುರುಳಿ ಸುತ್ತಿ ಗೋಡೆಗೆ ಕಟ್ಟುತ್ತಾರೆ. ನೋಡಲು ಚಂದ, ಕೆಲಸಕ್ಕೆ ಕೆಡುಕು. ಸಿಡಿಲಿನ ಕರೆಂಟ್ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಏರಿ ಮುಗಿದಿರುತ್ತದೆ. ಒಂದು ಮೈಕ್ರೊಸೆಕೆಂಡಿನಲ್ಲಿ 1000 ಆಂಪಿಯರ್ ಏರಿದರೆ, 1 ಮೀಟರ್ ನೇರ ವೈರಿನಲ್ಲೇ ಹತ್ತಿರ ಹತ್ತಿರ 1000 ವೋಲ್ಟ್ ನಿಲ್ಲುತ್ತದೆ. ಸುರುಳಿ ಸುತ್ತಿದರೆ ಇನ್ನೂ ಜಾಸ್ತಿ. ಕತ್ತರಿಸಿ ಬಿಡಿ. ಗಿಡ್ಡ, ನೇರ, ದಪ್ಪ. ಅಷ್ಟೇ.

ಗೋಡೌನಿನ ವೈರನ್ನು ಕಂಬದಿಂದ ಇಳಿಸಿ ಪೈಪಿನಲ್ಲಿ ಹಾಕಿ ಹೂಳಿದೆ. ಹೂಳಿದ ಮಾತ್ರಕ್ಕೆ ಅಪಾಯ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಎರಡೂ ತುದಿಗೆ ಟ್ಯೂಬ್.

"ಸ್ಟೆಬಿಲೈಸರ್ ಇದೆಯಲ್ಲ, ತಾನೇ ಟ್ರಿಪ್ ಆಗುವ ಎಂಸಿಬಿ ಸ್ವಿಚ್ ಇದೆಯಲ್ಲ" ಅನ್ನುವವರು ಈಗಲೂ ಸಿಗುತ್ತಾರೆ. ಅವು ಎಚ್ಚರಗೊಳ್ಳಲು ಮಿಲಿಸೆಕೆಂಡುಗಳು ಬೇಕು. ಅಷ್ಟರಲ್ಲಿ ಸರ್ಜ್ ಬಂದು ಹೋಗಿರುತ್ತದೆ. ಸ್ವಿಚ್ ಆಫ್ ಮಾಡಿ ಹೋಗುತ್ತೇವೆ ಅನ್ನುವುದೂ ಸಾಲದು. ಗೋಡೆಯ ಸ್ವಿಚ್ ಫೇಸ್ ಮಾತ್ರ ಕಡಿಯುತ್ತದೆ. ನ್ಯೂಟ್ರಲ್, ಅರ್ಥ್ ಎರಡೂ ಜೋಡಿಯಾಗಿಯೇ ಇರುತ್ತವೆ. ರಜೆಗೆ ಬೀಗ ಹಾಕುವಾಗ ಪ್ಲಗ್ಗನ್ನೇ ಕೀಳಬೇಕು, ಜೊತೆಗೆ ಫೋನ್ ಲೈನನ್ನೂ. ಆದರೆ ಗುಡುಗು ಶುರುವಾದ ಮೇಲೆ ಕೈ ಹಾಕಬೇಡಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ ಅಂತ ಲೆಕ್ಕ. ಆಗ ವೈರ್ ಇರುವ ಫೋನನ್ನು ಕಿವಿಗೆ ಹಿಡಿಯಲೂ ಬಾರದು. ಬಾಕ್ಸ್ ಹೋದರೆ ಇನ್ನೊಂದು ತರಬಹುದು, ಆಪರೇಟರ್ ಹುಡುಗಿಯ ಜೀವ ತರಲು ಆಗುತ್ತದೆಯೇ?

ಈಗ ಹೊರಗಿನ ಲೈನ್ ಹೆಚ್ಚಾಗಿ ಫೈಬರ್. ಗಾಜಿನ ಎಳೆಯಲ್ಲಿ ಸರ್ಜ್ ಬರುವುದಿಲ್ಲ, ಅದು ದೊಡ್ಡ ನೆಮ್ಮದಿ. ಆದರೆ ಕೆಲವು ಫೈಬರ್ ಕೇಬಲ್ಲಿನ ಜೊತೆಗೇ ಉಕ್ಕಿನ ತಂತಿ ಇರುತ್ತದೆ. ಅದನ್ನು ಒಳಗೆ ತರದೆ ಹೊರಗೇ ಕಡಿಯಬೇಕು. ಗೇಟಿನ ಕ್ಯಾಮೆರಾಕ್ಕೆ ಎಳೆದ ಲ್ಯಾನ್ ಕೇಬಲ್ಲು ನನ್ನ ಹಳೆಯ ಗೋಡೌನ್ ವೈರಿನ ತಮ್ಮನೇ, ಅದಕ್ಕೂ ಅದೇ ಅಪಾಯ.

ಮರಕ್ಕೆ ಬೀಳುವಂಥ ಸಿಡಿಲು ನೇರವಾಗಿ ಕಟ್ಟಡಕ್ಕೇ ಬಿದ್ದರೆ ಇಷ್ಟು ವ್ಯವಸ್ಥೆ ತಡೆಯುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಅದಕ್ಕೆ ಮಾಡಿನ ಮೇಲೆ ಮಿಂಚುರೋಧಕವೇ ಬೇಕು.

ಮೂರನೆಯ ಬೇಸಿಗೆಗೆ ಮೊದಲು ನಾನೇ ಹೋಗಿ ಗುಂಡಿಗಳಿಗೆ ನೀರು ಹಾಕಿ ಬಂದೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾರ್ಯದರ್ಶಿಗಳ ಫೋನ್. "ರಾತ್ರಿ ಜೋರು ಸಿಡಿಲಿತ್ತು. ಗೋಡೌನ್ ಫೋನ್ ಸತ್ತಿದೆ." ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ಬಾಕ್ಸಿನ ದೀಪಗಳೆಲ್ಲ ಉರಿಯುತ್ತಿವೆ, ಉಳಿದ ಏಳು ಫೋನೂ ಮಾತಾಡುತ್ತಿವೆ. ಗೋಡೌನ್ ಲೈನಿನ ಟ್ಯೂಬ್ ಮಾತ್ರ ಹೊಡೆತ ತಿಂದು ಒಳಗೇ ಶಾರ್ಟ್ ಆಗಿ ನಿಂತಿತ್ತು. ಜೇಬಿನಿಂದ ಹೊಸ ಟ್ಯೂಬ್ ತೆಗೆದು ಸಿಕ್ಕಿಸಿದೆ. ಗೋಡೌನಿನಿಂದ ರಿಂಗ್ ಕೇಳಿಸಿತು.