ಕರಿ ಒಂದರ ಬೆನ್ನು ಹತ್ತಿ

ಹೋದ ತಿಂಗಳು ಅಟ್ಟದ ಮ್ಯಾಲಿನ ಟ್ರಂಕ್ ಇಳಿಸಿದಾಗ ಒಂದು ಕ್ಯಾಸೆಟ್ ಸಿಕ್ತು. 60 ನಿಮಿಷದ್ದು, ಮ್ಯಾಲ ನೀಲಿ ಬಾಲ್‌ಪೆನ್ನಿಲೆ "ಜಾತ್ರಿ ಭಜನಿ, 1991" ಅಂತ ಬರ್ದದ್ದು, ಅಕ್ಷರ ನಂದ. ಆವಾಗ ನನಗ 14 ವರ್ಷ. ನವಲಗುಂದ ಕಡೆ ಒಂದು ಹಳ್ಳ್ಯಾಗ ರಾತ್ರಿ ಪೂರ್ತಿ ಭಜನಿ, ನಮ್ಮ ಮಾಸ್ತರು ಹಾಡಿದ್ರು, ನಾ ತಬಲಾಕ್ಕ ಕೂತಿದ್ದೆ. ಮಾಸ್ತರ ಮುಂದ ಮಂದಿ ನಡುವ ನಾ ಬಾರಿಸಿದ್ದು ಅದೇ ಮೊದಲು. ಅವರ ದನಿ ನನ್ನ ಹತ್ರ ಇರೂದು ಇದೊಂದೇ ಕ್ಯಾಸೆಟ್‌ನ್ಯಾಗ, ಬ್ಯಾರೆ ಎಲ್ಲೂ ಇಲ್ಲ. 2004ರಾಗ ಅವರು ಹೋದ್ರು.

ಮಾಸ್ತರಿಗೆ ಕಣ್ಣು ಕಾಣಸ್ತಿರ್ಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಲ್ತು ಬಂದವರು, ಅಲ್ಲೆ ಕಲ್ತವರು ಭಾಳ ಮಂದಿ ಇದ್ದಂಗ ಅವರಿಗೂ ಹಾಡು, ಪೇಟಿ (ಹಾರ್ಮೋನಿಯಂ), ತಬಲಾ ಮೂರೂ ಬರ್ತಿತ್ತು. ನಾ ಒಂದು ಹೆಗಲಿಗೆ ತಬಲಾ ಚೀಲ ಹಾಕ್ಕೊಂಡ್ರ ಇನ್ನೊಂದು ಹೆಗಲ ಮ್ಯಾಲ ಅವರ ಕೈ. ಹಂಗ ಊರೂರು ತಿರುಗೀವಿ. ಬಸ್ಸಿನ್ಯಾಗ ಕೂತ್ರ ದಾರಿ ಎಲ್ಲಾ ಅವರಿಗೆ ಕಿವಿಯಿಂದನ ಗೊತ್ತಾಗ್ತಿತ್ತು, ಬ್ರಿಜ್ ಮ್ಯಾಲ ಗಾಲಿ ಸದ್ದು ಬದಲಾದ ಕೂಡ್ಲೆ "ಬೆಣ್ಣಿಹಳ್ಳ ಬಂತಲ್ಲೋ ತಮ್ಮಾ" ಅಂತಿದ್ರು, ನಾ ಕಿಟಕಿಯಿಂದ ನೋಡೂದ್ರಾಗ ಅವರು ಹೇಳಿ ಮುಗಿಸಿರ್ತಿದ್ರು. ಮಳಿ ಆದ ಮ್ಯಾಲ ಎರಿ ಹೊಲದ ವಾಸನಿ ಬಂದ್ರ ಇನ್ನ ಎಷ್ಟು ದೂರ ಅದ ಅಂತ ಹೇಳ್ತಿದ್ರು. ನನಗ ಕೇಳಿಸ್ಕೊಳ್ಳೂದು ಕಲಿಸಿದ್ದು ಆ ಬಸ್ಸು ಅಂತನ ನಾ ತಿಳ್ಕೊಂಡೀನಿ.

ಕ್ಯಾಸೆಟ್ ಹಾಕಿದ್ರ ಬರೇ ಗುಂಯ್ ಅಂತ ಸದ್ದು, ಹಾಡು ದೂರದಾಗ ಎಲ್ಲೋ. ತಗದು ನೋಡಿದ್ರ ಟೇಪನ್ನ ಮಷೀನಿನ ಹೆಡ್ಡಿಗೆ (ಟೇಪಿನ ಸದ್ದು ಓದೂ ಭಾಗ) ಒತ್ತೂ ಸಣ್ಣ ಮೆತ್ತಿ ಅಂಟು ಒಣಗಿ ಉದುರಿ ಬಿದ್ದಿತ್ತು. ಬ್ಯಾರೆ ಖಾಲಿ ಕ್ಯಾಸೆಟ್ ಒಂದರ ಐದು ಸ್ಕ್ರೂ ಬಿಚ್ಚಿ, ಅದರ ಟೇಪ್ ತಗದು, ನಮ್ಮ ಎರಡು ಚಕ್ರ ಅದರಾಗ ಕೂಡ್ಸಿದೆ, ಕೈ ನಡಗ್ತಿತ್ತು ಖರೇನ, ಟೇಪ್ ಒಂದು ಸಲ ಮಡಚಿದ್ರ ಆ ಜಾಗದಾಗಿನ ಹಾಡು ಹೋದಂಗ. ಆಮ್ಯಾಲ ಡೆಕ್ಕಿನ ಹೆಡ್ಡಿನ ಬಾಜೂ ಇರೂ ಸಣ್ಣ ಸ್ಕ್ರೂ ತಿರುಗಿಸ್ಕೋತ ಕೂತೆ. ರೆಕಾರ್ಡ್ ಮಾಡಿದ ಮಷೀನಿನ ಹೆಡ್ಡು ಎಷ್ಟು ವಾರೆ ಇತ್ತೋ ಅಷ್ಟೇ ವಾರೆ ಇದನ್ನೂ ಮಾಡಬೇಕು, ಇಲ್ಲಂದ್ರ ಎತ್ತರದ ಸದ್ದೆಲ್ಲಾ ಮಂಕು. ಕಾಲು ಸುತ್ತು ತಿರುಗಿಸೂದ್ರಾಗ ಒಮ್ಮಿಗೇ ತಾಳದ ಝಣ್ ಝಣ್ ಎದ್ದು ಬಂತು ನೋಡ್ರಿ, ಅದರ ಹಿಂದನ ನನ್ನ ತಬಲಾದ ಚಾಟಿ (ಅಂಚಿನ ಪೆಟ್ಟು) ಸದ್ದು, ಅದರ ಹಿಂದ ಗ್ಯಾಸ್‌ಬತ್ತಿ ಸುಂಯ್ ಅನ್ನೂದು. ಮನ್ಯಾಗ ಒಬ್ಬನ ಇದ್ದೆ. ಬಂದ್ ಮಾಡಿ ಸ್ವಲ್ಪ ಹೊತ್ತು ಸುಮ್ನ ಕೂತೆ.

ಆದ್ರ ದನಿ ಮಾಸ್ತರದಲ್ಲ. ಹಾಡು ಅವರದ, ಮುರ್ಕಿ ಅವರದ, ಉಸರು ತಗೊಳ್ಳೂ ಜಾಗ ಅವರದ. ದನಿ ಮಾತ್ರ ತೆಳು, ಯಾರೋ ಹುಡುಗ ಹಾಡಿದಂಗ. ಪೇಟಿ ತಗೊಂಡು ಷಡ್ಜ, ಅಂದ್ರ ಹಾಡಿನ ಸಾ, ಹುಡುಕಿದ್ರ ಅದು ಪೇಟಿಯ ಮೊದಲನೇ ಕರಿ ಪಟ್ಟಿ ಕರಿ ಒಂದೂ ಅಲ್ಲ, ಅದರ ಬಾಜೂದ ಬಿಳಿ ಪಟ್ಟಿ ಬಿಳಿ ಎರಡೂ ಅಲ್ಲ, ನಡುವ ಎಲ್ಲೋ ನಿಂತದ. ಮತ್ತ ಹಾಡು ಮುಂದ ಹೋದಂಗ ಸುರ ಮ್ಯಾಲ ಏರ್ಕೋತ ಹೊಂಟದ. ಪೇಟಿ ಸುರ ಏರೂದು ಸಾಧ್ಯನ ಇಲ್ಲ, ರೀಡು ಅಂದ್ರ ಹಿತ್ತಾಳಿ ನಾಲಿಗಿ, ರಾತ್ರಿ ಪೂರ್ತಿ ಅಲ್ಲೇ ನಿಲ್ತದ. ಅಂದ್ರ ಓಡಿದ್ದು ಟೇಪು. ಆವಾಗ ನೆನಪಾತು, ಜಾತ್ರಿ ದಿವಸ ಕರೆಂಟ್ ಇರ್ಲಿಲ್ಲ, ನಮ್ಮ ಕಾಕಾನ ಟೇಪ್‌ರೆಕಾರ್ಡರ್ ಆರು ದೊಡ್ಡ ಸೆಲ್ಲಿನ ಮ್ಯಾಲ ನಡದಿತ್ತು, ಅವೂ ಹಳೇ ಸೆಲ್ಲು, ಮಧ್ಯಾಹ್ನ ಮಾಳಗಿ ಮ್ಯಾಲ ಬಿಸಲಿಗೆ ಇಟ್ಟು ಕಾಯಿಸಿ ಹಾಕಿದ್ವಿ. ಸೆಲ್ಲು ಸೋತಂಗ ಮೋಟರ್ ನಿಧಾನ ತಿರುಗ್ತದ, ನಿಧಾನ ರೆಕಾರ್ಡ್ ಆದದ್ದನ್ನ ಸರಿಯಾದ ಮಷೀನಿನ್ಯಾಗ ಹಾಕಿದ್ರ ಜೋರು ಓಡ್ತದ, ಸುರಾನೂ ಏರ್ತದ. ಒಂದು ಮನಿ (ಪೇಟಿಯ ಒಂದು ಪಟ್ಟಿಯಿಂದ ಬಾಜೂದ ಪಟ್ಟಿ) ಸುರ ಏರಬೇಕಂದ್ರ ವೇಗ ಸುಮಾರು ನೂರಕ್ಕ ಆರರಷ್ಟು ಹೆಚ್ಚಾಗಿರ್ತದ.

ಹಂಗಾದ್ರ ಅವತ್ತಿನ ಖರೇ ಸುರ ಯಾವುದು? ನನ್ನ ಡೆಕ್ಕೂ ಹಳೇದು, ಅದೂ ಎಷ್ಟು ಸರಿ ತಿರುಗ್ತದೋ. ಕರಿ ಒಂದರಿಂದ ಏರಿದ್ದೋ, ಇಲ್ಲಾ ಅವತ್ತು ಬಿಳಿ ಎರಡರಾಗನ ಹಾಡಿದ್ರೋ? ಇದನ್ನ ಹೇಳೂದು ಆ ಪೇಟಿ ಒಂದ. ಅದು ಇನ್ನೂ ಆ ಊರ ಮಠದಾಗ ಅದ ಅಂತ ಗೊತ್ತಿತ್ತು.

ಇಷ್ಟಕ್ಕ ಯಾಕ ಇಷ್ಟು ತಲಿ ಕೆಡಿಸ್ಕೊಂಡೆ ಅಂದ್ರ, ಈಗ ನಾ ಮಾಡೂ ರೆಕಾರ್ಡಿಂಗ್ ಹೆಂಗ ಆಗ್ತಾವ ಅಂತ ಹೇಳಬೇಕು. ಬೆಂಗಳೂರಿನಿಂದ ಫೋನಿಗೆ ಒಂದು ಫೈಲ್ ಬರ್ತದ. ಅದರಾಗ ಕ್ಲಿಕ್ಕು, ಕೀಬೋರ್ಡು, ಯಾರೋ ಸುಮ್ನ ಗುರುತಿಗೆ ಹಾಡಿದ ಹಾಡು. ಟೆಂಪೋ 92, ಸ್ಕೇಲ್ ಡಿ ಅಂತ ಕೆಳಗ ಬರ್ದಿರ್ತಾರ. ನಾ ಧಾರವಾಡದಾಗ ನಮ್ಮ ಮನಿ ಹಿಂದಿನ ಖೋಲಿಯೊಳಗ ಗ್ವಾಡಿಗೆ ಗಾದಿ ನಿಲ್ಲಿಸಿ, ಎರಡು ಮೈಕ್ ಇಟ್ಟು, ಕಿವ್ಯಾಗ ಟಿಕ್ ಟಿಕ್ ಕೇಳ್ಕೋತ ಬಾರಿಸಿ ಕಳಸ್ತೀನಿ. ಆಮ್ಯಾಲ ಬ್ಯಾರೆ ಯಾರೋ ಕೊಳಲು ಕಳಸ್ತಾರ, ಕಡೀಕ ಹಾಡೂವರು ಹಾಡ್ತಾರ. ಎಷ್ಟೋ ಹಾಡಿನ್ಯಾಗ ನಾ ಯಾರ ಜೋಡಿ ಬಾರಿಸೀನಿ ಅನ್ನೂದು ನನಗ ಹಾಡು ಹೊರಗ ಬಂದ ಮ್ಯಾಲನ ಗೊತ್ತಾಗ್ಯದ. ಇದರಿಂದ ನನ್ನ ಸಂಸಾರ ನಡದದ, ಲಾಕ್‌ಡೌನ್‌ನ್ಯಾಗ ಊಟ ಹಾಕಿದ್ದೂ ಇದ, ನಾ ಕೆಟ್ಟದ್ದು ಅನ್ನೂದಿಲ್ಲ. ಆದ್ರ ಸಾಥ್ ಅನ್ನೂ ಶಬ್ದಕ್ಕ ಜೋಡಿ ಇರೂದು ಅಂತನ ಅರ್ಥ ಅಲ್ಲೇನ್ರಿ, ಹಾಡೂವರು ಉಸರು ಎಳ್ಕೊಳ್ಳೂದು ಕಂಡು ನನ್ನ ಬೆರಳು ತಡೀಬೇಕು, ಸಮ್‌ಗೆ (ತಾಳದ ಮೊದಲನೇ ಪೆಟ್ಟಿಗೆ) ಬಂದಾಗ ಇಬ್ಬರೂ ಮಾರಿ ಮಾರಿ ನೋಡಬೇಕು.

ಮೊದಲು ಬೆಂಗಳೂರಿಗೆ ರೆಕಾರ್ಡಿಂಗ್ ಅಂದ್ರ ರಾಣಿ ಚೆನ್ನಮ್ಮಾ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದ್ವಿ ಅಂದ್ರ ಅಲ್ಲಿಂದನ ಸಾಥ್ ಸುರು. ಹಾಡೂವರು ಎದುರಿನ ಬರ್ತ್‌ನ್ಯಾಗ ಚಕ್ಕಳಮಕ್ಕಳ ಹಾಕ್ಕೊಂಡು ಮೆಲ್ಲಕ ಗುಣಗುಣ ಅಂದ್ರ ನಾ ಬುತ್ತಿ ಡಬ್ಬಿ ಮ್ಯಾಲ ಠೇಕಾ, ರಾಣೆಬೆನ್ನೂರು ದಾಟೂದ್ರಾಗ ಚಾಲ್ ಕೂತಿರ್ತಿತ್ತು, ಹರಿಹರದಾಗ ಯಾರೋ ಒಬ್ಬರು ಮಲಗ್ರಿ ಸಾಕು ಅಂತಿದ್ರು, ಅರಸೀಕೆರೆಯೊಳಗ ಚಾ. ಮುಂಜಾನೆ ಸ್ಟುಡಿಯೋಕ್ಕ ಹೋದ್ರ ಹೊಸಾದು ಏನೂ ಹೇಳೂದು ಬೇಕಿರ್ತಿರ್ಲಿಲ್ಲ. ಎಲ್ಲಾರೂ ಒಂದ ಹಾಲ್‌ನ್ಯಾಗ ಕೂತು ಒಂದ ಸಲಕ್ಕ ಬಾರಿಸಬೇಕು, ಒಬ್ಬ ತಪ್ಪಿದ್ರ ಎಲ್ಲಾರೂ ಮತ್ತ ಮೊದಲಿಂದ. ಎಂಟು ಹಾಡಿನ ಕ್ಯಾಸೆಟ್ ಎರಡು ದಿವಸದಾಗ ಮುಗಸೀವಿ. ಒಂದು ಕಂಪನಿಯವರು ಅದಕ್ಕ ರೊಕ್ಕಾನೂ ಪೂರ್ತಿ ಕೊಡಲಿಲ್ಲ, ಕ್ಯಾಸೆಟ್ ಮ್ಯಾಲ ಹೆಸರೂ ಹಾಕಲಿಲ್ಲ, "ಮತ್ತು ಸಂಗಡಿಗರು" ಅಂತ ಇತ್ತು. ಆ ಸಂಗಡಿಗರೊಳಗ ನಾನೂ ಒಬ್ಬ. ಇವತ್ತಿಗೂ ಅದು ನೆನಪಾದ್ರ ಬ್ಯಾಸರ ಆಗ್ತದ.

ಹಂಗಂತ ತಿರುಗಾಟ ಸುಖ ಅಂತೇನಲ್ಲ. ತಬಲಾಕ್ಕ ಹವಾ ಆಗಿ ಬರೂದಿಲ್ಲ. ಧಾರವಾಡದಾಗ ಕೂಡ್ಸಿದ ಸುರ ಮಂಗಳೂರು ಮುಟ್ಟೂದ್ರಾಗ ಇಳಿದು ಕೂತಿರ್ತದ, ಸಮುದ್ರದ ಹಸಿ ಗಾಳಿಗೆ ತೊಗಲು ಸಡಲ. ಬೆಂಗಳೂರಿನ ಎಸಿ ಸ್ಟುಡಿಯೋದಾಗ ಉಲ್ಟಾ, ಒಣಗಿ ಬಿಗದು ಸುರ ಏರ್ತದ. ಹಾತೋಡಿ (ತಬಲಾ ಸುರ ಕೂಡಿಸೂ ಸಣ್ಣ ಸುತ್ತಿಗಿ) ಕಿಸೆದಾಗ ಇಟ್ಕೊಂಡ ಬಾಳೇವು. ಈಗ ವಂದೇ ಭಾರತ್ 2023ರಿಂದ ಧಾರವಾಡದಿಂದನ ಬಿಡ್ತದ, ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್ ಆಗಿ ಜಗತ್ತಿನ್ಯಾಗ ಉದ್ದಂದು ಅನಿಸ್ಕೊಂಡದ, ಹೋಗೂದು ಹಗರ ಆಗ್ಯದ. ಹೋಗೂ ಕೆಲಸ ಕಡಿಮಿ ಆಗ್ಯದ.

ನಮ್ಮ ಭಾಗದ ಸಂಗೀತಕ್ಕ ಮತ್ತ ರೈಲಿಗೆ ಹಳೇ ನಂಟು. ಭೀಮಸೇನ ಜೋಶಿಯವರು ಗದಗಿನ ಹುಡುಗ ಇದ್ದಾಗ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ಪ್ಲೇಟ್ ಕೇಳಿ, 1933ರಾಗ, 11 ವರ್ಷಕ್ಕ ಮನಿ ಬಿಟ್ಟು ಗುರು ಹುಡುಕ್ಕೋತ ಟ್ರೇನ್ ಹತ್ತಿದವರು. ಆ ಪ್ಲೇಟು ಒಂದು ಮಗ್ಗಲಿಗೆ ಮೂರು ಮಿನಿಟ್ ಚಿಲ್ಲರ ಅಷ್ಟ ಇರ್ತಿದ್ವು. ಮೂರು ಮಿನಿಟಿನ ಸದ್ದು ಒಂದು ಹುಡುಗನ್ನ ಊರು ಬಿಡಿಸ್ತಂದ್ರ ಆ ಮೂರು ಮಿನಿಟಿನ್ಯಾಗ ಏನಿತ್ತು ಅಂತ ವಿಚಾರ ಮಾಡ್ರಿ. ಅದೇ ಖಾನಸಾಹೇಬರು 1937ರಾಗ ಮದ್ರಾಸ್ ಕಡೆಯಿಂದ ಪಾಂಡಿಚೇರಿಗೆ ಹೊಂಟಾಗ ಎದಿನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಅನ್ನೂ ಸಣ್ಣ ಸ್ಟೇಷನ್‌ನ್ಯಾಗ ಇಳಿದ್ರು, ಪ್ಲಾಟ್‌ಫಾರ್ಮ್ ಮ್ಯಾಲನ ಪ್ರಾಣ ಬಿಟ್ರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕ ಟ್ರೇನಿಗೆ ಹೋಗಿ ಸವಾಯಿ ಗಂಧರ್ವರ ಹತ್ರ ಕಲ್ತು ವಾಪಸ್ ಬರ್ತಿದ್ರು. ಅವರ ಎಳೇ ವಯಸ್ಸಿನ ಪ್ಲೇಟು ಕೇಳ್ರಿ, ಸಣ್ಣ, ಎತ್ತರದ ದನಿ, ಆಮ್ಯಾಲಿನ ಆ ಗಂಡುದನಿ ಕೇಳಿದವರಿಗೆ ಇದು ಅವರದ ಅಂತ ನಂಬಿಕಿನ ಬರೂದಿಲ್ಲ. ಗಂಟಲಿನ ತ್ರಾಸು, ಅದರ ಚಿಕಿತ್ಸಾ ಆದ ಮ್ಯಾಲ ದನಿ ಬದಲಾತು. ಆ ಮೊದಲಿನ ದನಿ ಈಗ ಪ್ಲೇಟಿನ್ಯಾಗ ಮಾತ್ರ ಉಳದದ. ಅಲ್ಲೆ ಪ್ಲೇಟು ಖರೇ ಹೇಳ್ತದ. ನನ್ನ ಕ್ಯಾಸೆಟ್ಟು ಸುಳ್ಳು ಹೇಳ್ಳಿಕತ್ತಿತ್ತು, ಅದ ನನಗ ತಡಕೊಳ್ಳಿಕ್ಕೆ ಆಗಲಿಲ್ಲ.

ಮಠದವರಿಗೆ ಫೋನ್ ಮಾಡಿ ಒಂದು ಸುರ ಒತ್ತಿ ಕಳಸ್ರಿ ಅನ್ನಬಹುದಿತ್ತು. ಹೋಗಬೇಕು ಅನಿಸ್ತು, ಹೋದೆ. ಹುಬ್ಬಳ್ಳಿಯಿಂದ ನವಲಗುಂದ ಬಸ್ಸು, ಅಲ್ಲಿಂದ ಟಂಟಂ. ಬ್ರಿಜ್ ಮ್ಯಾಲ ಹೋಗೂವಾಗ ಕಣ್ಣು ಮುಚ್ಕೊಂಡೆ, ಸದ್ದು ಬದಲಾಗೂದು ಕೇಳಸ್ತು.

ಪೇಟಿ ಇತ್ತು. ಕೆಂಪು ಅರವಿ ಹೊಚ್ಚಿ ಗದ್ದಿಗಿ ಬಾಜೂ ಇಟ್ಟಿದ್ರು, ಜರ್ಮನ್ ರೀಡಿಂದು ಅಂತ ಆ ಊರಿಗೆ ಮೊದಲಿಂದ ಅದರ ಅಭಿಮಾನ. ಭಜನಿ ಮಂಡಳಿಯ ಹಿರ್ಯಾ ಒಬ್ಬರು ಬಂದ್ರು, ಎಂಬತ್ತರ ಹತ್ರ ಇರಬೇಕು. "ಅಜ್ಜಾರ, ಇದರ ಸುರ ಯಾವಾಗರೆ ಬದಲು ಮಾಡಸೀರಿ?" ಅಂತ ಕೇಳಿದೆ. "ಇಲ್ಲೋ ಯಪ್ಪಾ, ತಿದಿ ಹರದಿತ್ತು, ತೊಗಲಷ್ಟ ಹಾಕಿಸೇವಿ. ಸುರಕ್ಕ ಯಾರೂ ಕೈ ಹಚ್ಚಿಲ್ಲ" ಅಂದ್ರು. ಅವರನ್ನೇ ಕೇಳಿದೆ, ಮಾಸ್ತರು ಯಾವ ಮನಿಯೊಳಗ ಹಾಡ್ತಿದ್ರು ಅಂತ. ಅವರು ಏನೂ ಅನಲಿಲ್ಲ, ಕೂತು, ಒಂದು ಕೈಲೆ ತಿದಿ ಹಾಕಿ, ಬೆರಳು ಸೀದಾ ಕರಿ ಒಂದರ ಮ್ಯಾಲ ಇಟ್ರು. ಆ ಪಟ್ಟಿ ಮ್ಯಾಲಿನ ಬಣ್ಣ ನಡುವ ಸವದು ಕಟ್ಟಿಗಿ ಕಾಣಸ್ತಿತ್ತು, ಬಾಜೂದವು ಇನ್ನೂ ಕರ್ರಗನ ಇದ್ವು. ಯಾರ ಬೆರಳಿಗೆ ಸವದದ್ದು ಅಂತ ಕೇಳೂದು ಬೇಕಿರ್ಲಿಲ್ಲ. ಫೋನಿನ್ಯಾಗ ಅದೊಂದು ಸುರ ಒಂದು ಮಿನಿಟ್ ರೆಕಾರ್ಡ್ ಮಾಡ್ಕೊಂಡೆ. ಟ್ಯೂನರ್ ನೋಡಿದ್ರ ಈಗ ಎಲ್ಲಾ ಕಡೆ ನಡಿಯೂ 440 ಅನ್ನೂ ಸುರದ ಅಳತಿಗಿಂತ 12 ಸೆಂಟ್ (ಒಂದು ಮನಿಗೆ ನೂರು ಸೆಂಟ್) ಮ್ಯಾಲ. ಮನ್ಯಾಗ ಕೂತು ಲೆಕ್ಕಾ ಹಾಕಿದ್ರ ಇದು ನನಗ ಎಲ್ಲಿಂದ ಸಿಗಬೇಕಿತ್ತು?

ಅಜ್ಜಾರು ಊಟಕ್ಕ ಎಬ್ಬಿಸಿದ್ರು, ರೊಟ್ಟಿ, ಪುಂಡಿಪಲ್ಯಾ. ಊಟ ಮಾಡ್ಕೋತ ಹೇಳಿದ್ರು, ಮಾಸ್ತರಿಗೆ ಒಂದು ನೋವು ಇತ್ತಂತ, ಪೇಟಿಯನ್ನ 1940ರಿಂದ 1971ರ ತನಕ ರೇಡಿಯೋದವರು ಒಳಗ ಬಿಟ್ಟಿರ್ಲಿಲ್ಲ ಅನ್ನೂದು. ಧಾರವಾಡ ಆಕಾಶವಾಣಿ 1950ರಾಗ ಸುರು ಆತಲ್ಲ, ಮಾಸ್ತರು ಹರೇದಾಗ ಅಲ್ಲಿ ಪೇಟಿ ಬಾರಿಸಬೇಕು ಅಂತ ಆಶಾ ಇಟ್ಕೊಂಡಿದ್ರಂತ. ನನ್ನ ಮುಂದ ಒಮ್ಮಿಯೂ ಹೇಳಿರ್ಲಿಲ್ಲ ಇದನ್ನ.

ಮನಿಗೆ ಬಂದು ಮೂರು ರಾತ್ರಿ ಕೂತೆ. ಒಂದೊಂದು ಮಿನಿಟಿಗೂ ಟೇಪಿನ ಪೇಟಿ ಸುರ ಹಿಡದು, ಊರಿನ ಕರಿ ಒಂದಕ್ಕ ಹೊಂದಿಸಿ, ವೇಗ ಇಳಿಸ್ಕೋತ ಹೋದೆ, ಬರೇ ಸುರ ಅಲ್ಲ ವೇಗಾನೂ ಜೋಡೀಲೆ ಇಳೀಬೇಕು. ಸುರುವಿಗೆ ಅರ್ಧ ಮನಿಯಷ್ಟು ಇಳಿಸಿದ್ರ ಸಾಕಿತ್ತು, ಎರಡನೇ ಮಗ್ಗಲಿನ ನಡುವ ಪೂರ್ತಿ ಒಂದು ಮನಿ. ಮುಗದ ಮ್ಯಾಲ ಮೊದಲಿಂದ ಹಾಕಿದೆ.

ದಪ್ಪ ದನಿ. ಎದಿಯಿಂದ ಬರೂ, ಸ್ವಲ್ಪ ಒಡದ, ಬಸ್ಸಿನ್ಯಾಗ ನನ್ನ ಕಿವಿ ಹತ್ರ ಬರ್ತಿದ್ದ ದನಿ. ಅದು ಇಷ್ಟು ದಪ್ಪ ಇತ್ತು ಅನ್ನೂದನ್ನ ನಾ ಮರತಿದ್ದೆ, ಮರತದ್ದೂ ಗೊತ್ತಿರ್ಲಿಲ್ಲ. ಎರಡನೇ ಪದದ ನಡುವ ಅವರು ಹಾಡು ಬಿಟ್ಟು ಒಂದು ಮಾತು ಅಂತಾರ, "ಓಡಬ್ಯಾಡ ತಮ್ಮಾ, ನಾ ಇಲ್ಲೇ ಅದೀನಿ." ಮೊದಲು ಕೇಳಿದಾಗ ಈ ಮಾತು ಸಿಕ್ಕಿದ್ದಿಲ್ಲ, ತಾಳದ ಸದ್ದಿನ್ಯಾಗ ಕಲಸಿ ಹೋಗಿತ್ತು. ವೇಗ ಸರಿ ಮಾಡಿದ ಮ್ಯಾಲೂ ಅಲ್ಲೆ ನಾ ಓಡಿದ್ದು ಕೇಳಸ್ತದ, ಅದು ಸೆಲ್ಲಿನ ತಪ್ಪಲ್ಲ, ಆಮ್ಯಾಲ ನಾಕು ಆವರ್ತನದಾಗ ನಿಂತದ್ದೂ ಕೇಳಸ್ತದ.

ಕಡೀ ನಲವತ್ತು ಸೆಕೆಂಡ್ ಮಾತ್ರ ಹಂಗ ಬಿಟ್ಟೀನಿ. ಅಲ್ಲೆ ಸೆಲ್ಲು ಪೂರ್ತಿ ಸತ್ತು ಹಾಡು ಮ್ಯಾಲ ಮ್ಯಾಲ ಏರಿ, ತಾಳ, ಪೇಟಿ, ಮಂದಿ ಎಲ್ಲಾ ಗುಬ್ಬಿ ಚಿಲಿಪಿಲಿ ಆಗಿ ಪಟ್ ಅಂತ ನಿಲ್ತದ. ಅಜ್ಜಾರಿಗೆ ಪೆನ್‌ಡ್ರೈವ್‌ನ್ಯಾಗ ಹಾಕಿ ಕಳಸೀನಿ, ಬರೂ ಸೋಮವಾರ ಮಠದಾಗ ಹಚ್ಚತಾರಂತ.